ಗುಮಾಸ್ತರ ಜೇಬು

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ 35 ವರ್ಷ ಲೆಕ್ಕ ಬರೆದ ಗುಮಾಸ್ತರ ಅಂಗಿಗೆ ಎಡಗಡೆಯಲ್ಲಿ ಒಂದೇ ಜೇಬು. ಅದನ್ನು ಜೇಬೆನ್ನುವುದಕ್ಕಿಂತ ಒಂದು ಸಣ್ಣ ಕಚೇರಿಯೆನ್ನುವುದೇ ಸರಿಯೆಂದು ಪೇಟೆಯವರು ನಗುತ್ತಿದ್ದರು. ಬೆಳಗಿನ ಕಾಟಾ ಚೀಟಿ, ಲಾರಿ ಬಾಡಿಗೆಯ ರಸೀದಿ, ಹಮಾಲರಿಗೆ ಕೊಟ್ಟ ಮುಂಗಡದ ಲೆಕ್ಕ, ಸಂಜೆ ಅಂಗಡಿಗಳಿಗೆ ಹೋದ ಎಣ್ಣೆ ಡಬ್ಬಗಳ ಚೀಟಿ, ಇವೆಲ್ಲ ಕನ್ನಡಕದ ಗೂಡಿನ ಜೊತೆಯಲ್ಲಿ ಒತ್ತೊತ್ತಾಗಿ ಅಲ್ಲಿ ವಾಸಮಾಡುತ್ತಿದ್ದವು. ಮರುದಿನ ಬೆಳಗ್ಗೆ ಸ್ನಾನ ತೀರಿಸಿ ಬಂದು, ದೇವರ ಪಟಕ್ಕೆ ಕೈಮುಗಿದು, ಒಂದೊಂದೇ ಚೀಟಿಯನ್ನು ಹೊರತೆಗೆದು ಕಿರ್ದಿಗೆ ಏರಿಸುವುದು ಅವರ ನಿತ್ಯವಿಧಿ. ಚೀಟಿಯ ಮೇಲಿನ ಅಂಕಿ ಬೆವರಿಗೆ ಅಳಿಸಿದ್ದರೂ ಚಿಂತೆಯಿಲ್ಲ. ಅಂಕಿ ಅವರ ತಲೆಯಲ್ಲಿ ಇರುತ್ತಿತ್ತು.

ಚಿತ್ರದುರ್ಗ ಜಿಲ್ಲೆಯ ಈ ಸೀಮೆಗೆ ಮಳೆ ಕಡಮೆ, ಶೇಂಗಾ ಹೆಚ್ಚು. ಎಣ್ಣೆಯ ವ್ಯಾಪಾರದಲ್ಲಿ ಎರಡನೆಯ ಮುಂಬಯಿ ಎಂದು ಒಂದು ಕಾಲಕ್ಕೆ ಹೆಸರು ಪಡೆದ ಊರು ಚಳ್ಳಕೆರೆ. ಆ ಕಾಲದಲ್ಲಿ ಗಿರಣಿಯ ಲಾಭ ದೊಡ್ಡದು. ನಾಲ್ಕು ಡಬ್ಬದ ಲೆಕ್ಕ ಆಚೀಚೆಯಾದರೆ ಯಾರಿಗೂ ನೋವಿರಲಿಲ್ಲ. 1994ರಲ್ಲಿ ಹೊರದೇಶದ ತಾಳೆ ಎಣ್ಣೆಗೆ ಆಮದಿನ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಅಡುಗೆಮನೆಗಳನ್ನು ಹೊಕ್ಕಿತು. ಶೇಂಗಾ ಎಣ್ಣೆಯ ಲಾಭ ಎಳೆಯಷ್ಟಾಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲಂತೂ ಪ್ರತಿಯೊಂದು ಬಿಲ್ಲೂ ಸರ್ಕಾರದ ಕಣ್ಣಿಗೆ ಬೀಳಬೇಕಾಯಿತು. ಜೇಬಿನಲ್ಲಿ ಲೆಕ್ಕ ಮಲಗಿರುವ ಕಾಲ ಮುಗಿಯುತ್ತ ಬಂದಿತ್ತು. ಇದನ್ನು ಮೊದಲು ಅರಿತವರು ಗಿರಣಿಯ ಚಿಕ್ಕ ಸಾಹುಕಾರರು.

ಒಂದು ಆಷಾಢದ ಮಧ್ಯಾಹ್ನ ಅವರು ಗುಮಾಸ್ತರನ್ನು ಕರೆದು ಹೇಳಿದರು: “ಗುಮಾಸ್ತರೇ, ದೀಪಾವಳಿಯಿಂದ ನಮ್ಮಲ್ಲಿ ಇ.ಆರ್.ಪಿ. ಬರುತ್ತದೆ. ಖರೀದಿ, ದಾಸ್ತಾನು, ಗಿರಣಿ, ಮಾರಾಟ, ಸಂಬಳ, ತೆರಿಗೆ ಎಲ್ಲ ಒಂದೇ ಕಡೆ. ನೀವೂ ಕಲಿಯಬೇಕು.”

“ಆಗಲಿ, ಸಾಹುಕಾರರೇ” ಎಂದರು ಗುಮಾಸ್ತರು. ಆದರೆ ಮನೆಗೆ ಬಂದು ಊಟಕ್ಕೆ ಕುಳಿತವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ವಯಸ್ಸು ಐವತ್ತೆಂಟು. ಕಿರ್ದಿ, ಖಾತೆ ಎಂದರೆ ಅವರಿಗೆ ಉಸಿರಾಟದಷ್ಟು ಸಲೀಸು. ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆಯುವುದನ್ನೂ ಹೇಗೋ ರೂಢಿಸಿಕೊಂಡಿದ್ದರು. ಈಗ ಬರುವುದು ಬೇರೆ ಜಾತಿಯ ಯಂತ್ರವಂತೆ. ಅದು ಬಂದ ಮೇಲೆ ಗುಮಾಸ್ತನೆಂಬ ಪ್ರಾಣಿಗೆ ಗಿರಣಿಯಲ್ಲಿ ಏನು ಕೆಲಸ?

ಆ ಮನೆಯಲ್ಲಿ ಆಗ ಅವರ ತಂಗಿಯ ಮಗಳು ಇದ್ದಳು. ಮೊಳಕಾಲ್ಮುರಿನ ರೇಷ್ಮೆ ನೇಕಾರರ ಮನೆಯ ಹುಡುಗಿ. ಸೋದರಮಾವನ ಮನೆಯಲ್ಲಿ ನಿಂತು ಚಳ್ಳಕೆರೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಗುಮಾಸ್ತರೂ ಅದೇ ಊರಿನವರೇ. ತಂದೆಯ ಮಗ್ಗ ಸಾಲದಲ್ಲಿ ಹೋದ ಮೇಲೆ ಲೆಕ್ಕದ ಮಣೆಗೆ ಬಂದು ಕುಳಿತವರು. ದೈವದ ಆಟವೆನ್ನಬೇಕು, ಆ ವರ್ಷ ಹುಡುಗಿಯ ಪಾಠದಲ್ಲಿಯೂ ಅದೇ ಮೂರಕ್ಷರ ಕಾಣಿಸಿಕೊಂಡಿತ್ತು.

“ಮಾವ, ನನಗೂ ಅದು ಅರ್ಥವಾಗುತ್ತಿಲ್ಲ. ಇಬ್ಬರೂ ಸೇರಿ ಕಲಿಯೋಣ” ಎಂದಳು.

ರಾತ್ರಿ ಊಟವಾದ ಮೇಲೆ ನಡುಮನೆಯ ದೀಪದ ಕೆಳಗೆ ಪಾಠ ಆರಂಭವಾಯಿತು. ಪುಸ್ತಕದಲ್ಲಿದ್ದ ವಿವರಣೆಯನ್ನು ಹುಡುಗಿ ಓದಿದಳು. ಇ.ಆರ್.ಪಿ. ಎಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್, ಉದ್ಯಮದ ಸಂಪನ್ಮೂಲಗಳ ಯೋಜನೆ. ಅದು ಕಾರ್ಯಪ್ರಕ್ರಿಯೆಗಳ ನಿರ್ವಹಣೆಗೆ ಆಧಾರವಾಗುತ್ತದೆ. ವಿಭಾಗಗಳ ನಡುವೆ ಸಮನ್ವಯವನ್ನು ಸಾಧಿಸುತ್ತದೆ. ಗುಮಾಸ್ತರು ಕೇಳಿ ಕೇಳಿ ಆಕಳಿಸಿದರು. “ತಾಯಿ, ಇದನ್ನು ಬರೆದ ಪುಣ್ಯಾತ್ಮ ಎಂದಾದರೂ ಒಂದು ಡಬ್ಬ ಎಣ್ಣೆ ಮಾರಿದ್ದಾನೆಯೇ?” ಎಂದರು. ಹುಡುಗಿಗೆ ನಗೆ ಬಂತು, ಅಳುವೂ ಬಂತು. ಪರೀಕ್ಷೆಗೆ ಬಾಯಿಪಾಠ ಮಾಡಬಹುದು; ಮಾವನಿಗೆ ಬಾಯಿಪಾಠದಿಂದ ಏನು ಪ್ರಯೋಜನ?

ಅರ್ಥದ ಬಾಗಿಲು ತೆರೆದದ್ದು ಆಯುಧಪೂಜೆಗೆಂದು ಇಬ್ಬರೂ ಮೊಳಕಾಲ್ಮುರಿಗೆ ಹೋದಾಗ.

ಅಲ್ಲಿಯ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಊರಿನ ಹೆಸರೇ ಸೀರೆಯ ಹೆಸರು. ಹುಡುಗಿಯ ತಂದೆಯ ಬಳಿ ಆರು ಮಗ್ಗಗಳು. ಎರಡು ಮನೆಯೊಳಗೆ, ನಾಲ್ಕು ಬೇರೆ ಬೇರೆ ನೇಕಾರರ ಮನೆಗಳಲ್ಲಿ. ಅವರು ರೇಷ್ಮೆ ನೂಲನ್ನು ತೂಗಿ ಕೊಡುವರು. ಬಣ್ಣಗಾರನಿಂದ ಬಂದದ್ದನ್ನು ತೂಗಿ ತೆಗೆದುಕೊಳ್ಳುವರು. ಹಾಸು, ಹೊಕ್ಕು, ಜರಿ ಎಂದು ಬೇರ್ಪಡಿಸಿ ನೇಕಾರನಿಗೆ ಮತ್ತೆ ತೂಗಿ ಕೊಡುವರು. ಸೀರೆ ಬಂದಾಗ ಅದನ್ನೂ ತೂಗುವರು. ಹಬ್ಬದ ದಿನ ಮಗ್ಗಗಳಿಗೆ ಅರಿಸಿನ ಕುಂಕುಮ ಹಚ್ಚಿ ಹೂ ಮುಡಿಸಿದ್ದಾಗ ತಂದೆ ಭಾವಮೈದುನನ ಬಳಿ ದುಃಖ ತೋಡಿಕೊಂಡರು. ಸೀರೆಗೆ ಕೇಳುವವರಿಲ್ಲವೆಂದಲ್ಲ, ಹೇಳಿದ ದಿನಕ್ಕೆ ಸೀರೆ ಕೊಡಲಾಗುತ್ತಿಲ್ಲ. ಎರಡು ಮಗ್ಗಗಳನ್ನು ಮಾರಿಬಿಡುವ ಯೋಚನೆ. ನೇಕಾರರು ಮೊದಲಿನಂತೆ ಮೈಬಗ್ಗಿಸುವುದಿಲ್ಲವೆಂದು ಅವರ ದೂರು.

ಹುಡುಗಿ ಅಪ್ಪನ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತಳು. ತೂಕವೆಲ್ಲ ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ಆದರೆ ಯಾವ ಸಾಲಿನಲ್ಲಿಯೂ ಕೈ ಬದಲಾದ ತಾರೀಖು ಇರಲಿಲ್ಲ. ನೂಲು ಯಾರ ಬಳಿ ಎಷ್ಟಿದೆ ಎಂಬುದು ತಿಳಿಯುತ್ತಿತ್ತು; ಎಷ್ಟು ದಿನದಿಂದ ಇದೆ ಎಂಬುದು ತಿಳಿಯುತ್ತಿರಲಿಲ್ಲ. ಅವಳು ಮಗ್ಗದಿಂದ ಮಗ್ಗಕ್ಕೆ ಹೋಗಿ ನೇಕಾರರನ್ನು ಮಾತನಾಡಿಸಿ ಬಂದಳು. ಕಳೆದ ತಿಂಗಳು ಒಂದು ಮಗ್ಗ ಹನ್ನೊಂದು ದಿನ ಖಾಲಿ ನಿಂತಿತ್ತು. ನೇಕಾರ ಸೋಮಾರಿಯಾಗಿರಲಿಲ್ಲ, ಹೊಕ್ಕಿನ ನೂಲು ಬಣ್ಣಗಾರನ ಮನೆಯಲ್ಲಿ ಒಣಗಿ ಸಿದ್ಧವಾಗಿ ಕುಳಿತಿತ್ತು. ತರುವವರು ಯಾರೆಂಬುದು ಯಾರಿಗೂ ಗೊತ್ತಿರಲಿಲ್ಲ. ಬಣ್ಣಗಾರನು ಯಜಮಾನರು ಕಳಿಸುವರೆಂದು ಕಾದನು. ಯಜಮಾನರು ಬಣ್ಣ ಇನ್ನೂ ಆಗಿಲ್ಲವೆಂದು ತಿಳಿದರು. ನೇಕಾರ ಇಬ್ಬರನ್ನೂ ಕಾದನು.

“ಅಪ್ಪಾ, ಕೆಲಸ ನಿಂತದ್ದು ಯಾರ ಕೈಯಲ್ಲಿಯೂ ಅಲ್ಲ, ಎರಡು ಕೈಗಳ ನಡುವೆ” ಎಂದಳು ಹುಡುಗಿ.

ಆ ಮಾತು ಕೇಳಿದ ಗುಮಾಸ್ತರು ತಟ್ಟನೆ ತಲೆಯೆತ್ತಿದರು. ಕಾರ್ಯಪ್ರಕ್ರಿಯೆ ಎಂಬ ಗಡುಸಾದ ಪದಕ್ಕೆ ಅವರ ಮನಸ್ಸಿನಲ್ಲಿ ಮೊದಲ ಸಲ ಒಂದು ರೂಪ ಬಂತು. ಬಣ್ಣ ಹಾಕುವುದು ಒಂದು ಕೆಲಸ, ನೇಯುವುದು ಒಂದು ಕೆಲಸ, ಮಾರುವುದು ಒಂದು ಕೆಲಸ. ಗಿರಾಕಿಯ ಮಾತಿನಿಂದ ಹಿಡಿದು ಅವನು ಹಣ ಕೊಡುವವರೆಗೆ ಇವೆಲ್ಲವನ್ನೂ ಒಂದೇ ದಾರವಾಗಿ ನೋಡಿದರೆ ಅದು ಪ್ರಕ್ರಿಯೆ. ಒಬ್ಬೊಬ್ಬರ ಕೆಲಸ ಚೊಕ್ಕಟವಾಗಿದ್ದೂ ದಾರ ತುಂಡಾಗಿರಬಹುದು. ಹುಡುಗಿ ಅಪ್ಪನಿಗಾಗಿ ಯಂತ್ರವನ್ನೇನೂ ತರಿಸಲಿಲ್ಲ. ಒಂದು ಉದ್ದ ಪುಸ್ತಕಕ್ಕೆ ಗೆರೆ ಎಳೆದು, ನೂಲು ಕೈದಾಟಿದ ತಾರೀಖು, ಕೊಟ್ಟವರು, ತೆಗೆದುಕೊಂಡವರು, ಮುಂದೆ ಯಾರು ಬಂದು ಒಯ್ಯಬೇಕು ಎಂಬ ನಾಲ್ಕು ಅಂಕಣಗಳನ್ನು ಮಾಡಿಕೊಟ್ಟಳು. ಮಗ್ಗ ಮಾರುವ ಮಾತು ಸಂಕ್ರಾಂತಿಯವರೆಗೆ ಮುಂದಕ್ಕೆ ಹೋಯಿತು.

ಹಿಂದಿರುಗುವಾಗ ಇಬ್ಬರೂ ಸಿದ್ದಾಪುರದ ಬಳಿ ಇಳಿದು ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೋಡಿಕೊಂಡು ಬಂದರು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಶಾಸನವಿದು. ಗುಮಾಸ್ತರು ಚಿಕ್ಕಂದಿನಲ್ಲಿ ಶಾಲೆಯ ಮಕ್ಕಳೊಡನೆ ಬಂದಿದ್ದರು. ಆಗ ಬಂಡೆಯನ್ನು ಮಾತ್ರ ಕಂಡಿದ್ದರು. ಈಗ ಅದರ ವಿವರ ಅವರಿಗೆ ಬೇರೆಯಾಗಿ ಕೇಳಿಸಿತು. ಚಕ್ರವರ್ತಿಯ ಮಾತು ನೇರವಾಗಿ ಈ ಬಂಡೆಗೆ ಬಂದಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ, ಕುಶಲ ಕೇಳಿ, ಆಮೇಲೆ ಆಜ್ಞೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಲಿಪಿಕಾರನೆಂಬ ತನ್ನ ಹುದ್ದೆಯನ್ನು ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ.

“ನೋಡಿದೆಯಾ ತಾಯಿ, ಯಾರಿಂದ ಯಾರಿಗೆ ಬಂತು, ಯಾರು ಬರೆದರು, ಎಲ್ಲ ಇದೆ. ಇವನೂ ಗುಮಾಸ್ತನೇ” ಎಂದು ಅವರು ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಎರಡು ಸಾವಿರ ವರ್ಷಗಳಿಗೂ ಹಿಂದಿನ ವೃತ್ತಿಬಾಂಧವನನ್ನು ಕಂಡದ್ದರಿಂದ ಅವರಿಗೆ ಧೈರ್ಯ ಬಂದಂತೆ ತೋರಿತು.

ಅಂದಿನಿಂದ ರಾತ್ರಿಯ ಪಾಠಕ್ಕೆ ಜೀವ ಬಂತು. ಈ ವಿದ್ಯೆಯ ವಂಶಾವಳಿಯನ್ನೂ ಹುಡುಗಿ ಹೇಳಿದಳು. ಅಮೆರಿಕದಲ್ಲಿ 1964ರ ಸುಮಾರಿಗೆ ಜೋಸೆಫ್ ಓರ್ಲಿಕಿ ಎಂಬವರು, ಇಷ್ಟು ಯಂತ್ರ ತಯಾರಾಗಬೇಕಾದರೆ ಯಾವ ಬಿಡಿಭಾಗ ಎಷ್ಟು, ಯಾವ ದಿನಕ್ಕೆ ಬೇಕೆಂಬುದನ್ನು ಕಂಪ್ಯೂಟರಿನಿಂದ ಎಣಿಸುವ ಕ್ರಮವನ್ನು ರೂಪಿಸಿದರು. 1972ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಐ.ಬಿ.ಎಂ. ಕಂಪನಿಯನ್ನು ಬಿಟ್ಟ ಐವರು ಎಂಜಿನಿಯರರು ಸೇರಿ ಎಸ್.ಎ.ಪಿ. ಎಂಬ ಸಂಸ್ಥೆಯನ್ನು ಕಟ್ಟಿದರು. ಅವರಿಗೆ ಸ್ವಂತ ಕಂಪ್ಯೂಟರ್ ಕೂಡ ಇರಲಿಲ್ಲ. ಗಿರಾಕಿಯ ಯಂತ್ರದ ಮೇಲೆ ರಾತ್ರಿಯೂ ವಾರದ ಕೊನೆಯೂ ಕುಳಿತು ದುಡಿದರು. ಆ ಮೊದಲ ಗಿರಾಕಿ ಓಸ್ಟ್ರಿಂಗನ್ ಎಂಬಲ್ಲಿಯ ನೈಲಾನ್ ನೂಲಿನ ಕಾರ್ಖಾನೆ.

“ನೂಲಿನದೇ!” ಎಂದು ಗುಮಾಸ್ತರು ನೆಟ್ಟಗೆ ಕುಳಿತರು.

“ಹೌದು ಮಾವ. ಅದುವರೆಗೆ ರಂಧ್ರ ಹೊಡೆದ ಕಾರ್ಡುಗಳನ್ನು ಕೂಡಿಹಾಕಿ, ಆಮೇಲೆ ಒಟ್ಟಿಗೆ ಯಂತ್ರಕ್ಕೆ ಉಣಿಸುತ್ತಿದ್ದರು. ಸಂಗತಿ ನಡೆದಾಗಲೇ ಲೆಕ್ಕ ಆಗಬೇಕೆಂಬುದು ಇವರ ಹಟ. 1990ರಲ್ಲಿ ಗಾರ್ಟ್ನರ್ ಎಂಬ ಸಂಸ್ಥೆ ಇಂಥ ವ್ಯವಸ್ಥೆಗಳಿಗೆಲ್ಲ ಇ.ಆರ್.ಪಿ. ಎಂದು ಹೆಸರಿಟ್ಟಿತು.”

ಬೆಂಗಳೂರಿನ ಟ್ಯಾಲಿಯ ಕಥೆ ಗುಮಾಸ್ತರಿಗೆ ಇನ್ನೂ ಹಿಡಿಸಿತು. ಗಿರಣಿಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ಕಂಪ್ಯೂಟರ್ ಕ್ರಮ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದುಕೊಟ್ಟರು; 1986ರಲ್ಲಿ ಸಂಸ್ಥೆ ಆರಂಭವಾಯಿತು. “ಅಂದರೆ ಲೆಕ್ಕ ಬರೆಯುವವನ ಕಷ್ಟದಿಂದಲೇ ಇದೆಲ್ಲ ಹುಟ್ಟಿದ್ದು” ಎಂದು ಅವರು ತೀರ್ಮಾನ ಕೊಟ್ಟರು.

ಮುಂದಿನ ಕೆಲಸ ಗಿರಣಿಯ ದಾರವನ್ನು ಕಾಗದದ ಮೇಲೆ ಎಳೆಯುವುದು. ಹುಡುಗಿ ಚೌಕಗಳನ್ನು ಬರೆದಳು, ಗುಮಾಸ್ತರು ಹೇಳುತ್ತ ಹೋದರು. ಶೇಂಗಾ ಮಾರುಕಟ್ಟೆಯಿಂದ ಬರುತ್ತದೆ. ಕಾಟಾದ ಮೇಲೆ ತೂಕ. ಕಾಯಿ ಒಡೆದರೆ ನೂರು ಕಿಲೋಗೆ ಸುಮಾರು ಎಪ್ಪತ್ತು ಕಿಲೋ ಬೀಜ, ಉಳಿದದ್ದು ಹೊಟ್ಟು. ಬೀಜ ಗಾಣದ ಯಂತ್ರಕ್ಕೆ ಹೋದರೆ ಐದರಲ್ಲಿ ಎರಡು ಪಾಲಿನಷ್ಟು ಎಣ್ಣೆ, ಮಿಕ್ಕದ್ದು ಬಹುಮಟ್ಟಿಗೆ ಹಿಂಡಿ. ಸ್ವಲ್ಪ ತೇವ ಗಾಳಿಯ ಪಾಲು. ಎಣ್ಣೆ ಡಬ್ಬಕ್ಕೆ, ಡಬ್ಬ ಅಂಗಡಿಗೆ, ಬಿಲ್ಲು ಅಂಗಡಿಯವನಿಗೆ, ಹಣ ಗಿರಣಿಗೆ. ಅಪ್ಪ ರೇಷ್ಮೆಯನ್ನು ತೂಗುವ ನ್ಯಾಯವೇ ಇಲ್ಲಿಯೂ ಇದೆಯೆಂದು ಹುಡುಗಿಗೆ ಹೊಳೆಯಿತು: ಒಳಗೆ ಬಂದ ತೂಕಕ್ಕೆ ಹೊರಗೆ ಹೋದ ತೂಕ ಉತ್ತರ ಹೇಳಬೇಕು.

ಇಂಥ ದಾರವನ್ನು ಮಾರುಕಟ್ಟೆಯಲ್ಲಿ ಗುಮಾಸ್ತರು ಆಗಲೇ ಕಂಡಿದ್ದರು, ಗುರುತಿಸಿರಲಿಲ್ಲ. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳಿಗೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ರೈತನ ಸರಕು ಬಾಗಿಲಲ್ಲಿ ದಾಖಲಾಗಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ವರ್ತಕರು ಆ ಸಂಖ್ಯೆಯ ಮುಂದೆ ತಮ್ಮ ಧಾರಣೆಯನ್ನು ನಮೂದಿಸುತ್ತಾರೆ. ಹೆಚ್ಚಿನ ಧಾರಣೆ ಪ್ರಕಟವಾಗಿ, ರೈತ ಒಪ್ಪಿದರೆ, ತೂಕ, ಬಿಲ್ಲು, ಹಣ ಎಲ್ಲವೂ ಅದೇ ಸಂಖ್ಯೆಯ ಬೆನ್ನು ಹತ್ತುತ್ತವೆ. ಟವಲಿನ ಅಡಿಯಲ್ಲಿ ಬೆರಳು ಹಿಡಿದು ಮಾಡುತ್ತಿದ್ದ ಗುಟ್ಟಿನ ಮಾತಿಗೆ ಹೋಲಿಸಿದರೆ ಇದು ಬಯಲಿನ ಮಾತು.

ಹೊಸ ವ್ಯವಸ್ಥೆಯ ಒಂದು ಪದ್ಧತಿ ಗುಮಾಸ್ತರ ಮನಸ್ಸಿಗೆ ಬಹಳ ಒಪ್ಪಿತು. ಸರಕಿಗೆ ಹಣ ಕೊಡಬೇಕಾದರೆ ಮೂರು ಕಾಗದ ಒಂದಾಗಬೇಕು: ನಾವು ಇಷ್ಟು ಬೇಕೆಂದು ಕೊಟ್ಟ ಆದೇಶ, ಇಷ್ಟು ಬಂತೆಂದು ಉಗ್ರಾಣ ಬರೆದದ್ದು, ಇಷ್ಟು ಕೊಡಿರೆಂದು ಬಂದ ಬಿಲ್ಲು. ಮೂರನ್ನೂ ಬರೆಯುವವರು ಬೇರೆ ಬೇರೆ. ಒಂದು ತಾಳೆಯಾಗದಿದ್ದರೂ ವ್ಯವಸ್ಥೆ ಹಣವನ್ನು ಬಿಡದೆ ತಡೆದು, ಒಡೆಯರ ಮುಂದೆ ಪ್ರಶ್ನೆಯನ್ನು ಇಡುತ್ತದೆ.

ಪೇಚಿಗೆ ಸಿಕ್ಕಿಸಿದ್ದು ಹೆಸರುಗಳು. ಪುಸ್ತಕಗಳನ್ನು ಸೋಸಿದಾಗ ಒಬ್ಬನೇ ವ್ಯಾಪಾರಿ ಮೂರು ಹೆಸರಿನಲ್ಲಿ ಪ್ರತ್ಯಕ್ಷನಾದನು: ಅಂಗಡಿಯ ಹೆಸರಿನಲ್ಲಿ ಒಮ್ಮೆ, ಊರಿನ ಹೆಸರಿನಲ್ಲಿ ಒಮ್ಮೆ, ಪೇಟೆಯವರು ಇಟ್ಟ ಅಡ್ಡಹೆಸರಿನಲ್ಲಿ ಇನ್ನೊಮ್ಮೆ. ಮೂವರಿಗೂ ಬೇರೆ ಬೇರೆ ಸಾಲ ನಿಂತಿತ್ತು. ಈ ಮೂವರೂ ಒಬ್ಬನೇ ಎಂಬುದು ಗುಮಾಸ್ತರೊಬ್ಬರಿಗೇ ಗೊತ್ತು. ಡಬ್ಬಗಳದೂ ಅದೇ ಕಥೆ. 15 ಕಿಲೋ ಡಬ್ಬವೂ 15 ಲೀಟರ್ ಡಬ್ಬವೂ ಪುಸ್ತಕದಲ್ಲಿ ಬರಿಯ ‘ಡಬ್ಬ’. ಎಣ್ಣೆ ನೀರಿಗಿಂತ ಹಗುರ. 15 ಲೀಟರ್ ಎಣ್ಣೆ ತೂಗಿದರೆ ಹದಿನಾಲ್ಕು ಕಿಲೋಗೂ ಕಡಮೆ. ಇದನ್ನು ಯಂತ್ರಕ್ಕೆ ಬಿಡಿಸಿ ಹೇಳದಿದ್ದರೆ ಅದು ಪ್ರತಿ ಡಬ್ಬದಲ್ಲಿಯೂ ಕಿಲೋಗಿಂತ ಹೆಚ್ಚಿನ ತಪ್ಪನ್ನು ಬಹಳ ಶ್ರದ್ಧೆಯಿಂದ ಮಾಡುತ್ತ ಹೋಗುತ್ತಿತ್ತು. ವ್ಯವಸ್ಥೆಯನ್ನು ಕೂಡಿಸಲು ಬೆಂಗಳೂರಿನಿಂದ ಬಂದಿದ್ದ ತರುಣರು ಎರಡು ವಾರ ಗುಮಾಸ್ತರ ಪಕ್ಕವನ್ನು ಬಿಟ್ಟು ಏಳಲಿಲ್ಲ. ಯಂತ್ರವು ತಮ್ಮನ್ನು ನುಂಗಲು ಬಂದಿದೆಯೆಂದು ಹೆದರಿದ್ದವರಿಗೆ, ಅದಕ್ಕೆ ತುತ್ತು ಮಾಡಿ ತಿನ್ನಿಸಬೇಕಾದವರು ತಾವೇ ಎಂಬುದು ತಿಳಿಯಿತು.

ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಖಾತೆ ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರಿಗೂ ಕುಂಕುಮ ಬಿತ್ತು. ಮರುದಿನದಿಂದ ಹೊಸ ಲೆಕ್ಕ. ಶೇಂಗಾ ಸುಗ್ಗಿಯ ನೂಕುನುಗ್ಗಲಿನಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ್ದು ಸಾಹಸವೆನ್ನುವವರೂ ಇದ್ದರು. ಒಂದು ತಿಂಗಳು ಹೇಗೋ ಕಳೆಯಿತು. ತಿಂಗಳ ಕೊನೆಯಲ್ಲಿ ಉಗ್ರಾಣವನ್ನು ಎಣಿಸಿದರು. ಕಂಪ್ಯೂಟರಿನ ಲೆಕ್ಕಕ್ಕಿಂತ 18 ಡಬ್ಬ ಎಣ್ಣೆ ಕಡಮೆ ಬಂತು.

ಉಗ್ರಾಣದ ಬೀಗದ ಕೈ ಇದ್ದದ್ದು ಒಬ್ಬ ಹುಡುಗನ ಬಳಿ. ತಂದೆಯಿಲ್ಲದವನು, ಕಾವಲಿನ ಅಂಚಿನ ಹಳ್ಳಿಯಿಂದ ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದನು. ಯಾರೂ ಅವನನ್ನು ಕಳ್ಳನೆಂದು ಕರೆಯಲಿಲ್ಲ. ಆದರೆ ಅವನು ಹತ್ತಿರ ಬಂದಾಗ ಹಮಾಲರ ಮಾತು ನಿಲ್ಲುತ್ತಿತ್ತು. ಶನಿವಾರದ ಬಟವಾಡೆಯ ಜೊತೆಯಲ್ಲಿ ಅವನ ಲೆಕ್ಕ ತೀರಿಸಿಬಿಡುವುದೆಂದು ಚಿಕ್ಕ ಸಾಹುಕಾರರು ನಿಶ್ಚಯಿಸಿದರು. “ಹಿಂದೆ ಎಂದೂ ಹೀಗಾಗಿರಲಿಲ್ಲ. ನಿಮ್ಮ ಪುಸ್ತಕದಲ್ಲಿ ಯಾವಾಗಲೂ ದಾಸ್ತಾನು ತಾಳೆಯಾಗುತ್ತಿತ್ತಲ್ಲವೇ ಗುಮಾಸ್ತರೇ?” ಎಂದು ಕೇಳಿದರು. ಗುಮಾಸ್ತರು ಹೌದೆಂದು ತಲೆಯಾಡಿಸಿದರು.

ಗುರುವಾರ ರಾತ್ರಿ ಅಗಸರ ಮನೆಯಿಂದ ಬಟ್ಟೆ ಬಂತು. ಮಡಿಸಿಡುತ್ತಿದ್ದ ಹುಡುಗಿ ಮಾವನ ಅಂಗಿಯೊಂದರ ಜೇಬಿನಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಹತ್ತಿ ಹೊರತೆಗೆದಳು. ನೀರಿನಲ್ಲಿ ನೆನೆದು, ಇಸ್ತ್ರಿಯಲ್ಲಿ ಒಣಗಿದ ಕಾಗದದ ಹೆಂಟೆ. ಎಳೆದರೆ ಮೂರು ಪದರವಾಗಿ ಬಂತು. ಒಂದರ ಮೇಲೆ ನೇರಿಳೆ ಮಸಿಯಲ್ಲಿ ಒಂದು ಅಂಕಿಯ ನೆರಳು ಉಳಿದಿತ್ತು: ಆರು.

ಗುಮಾಸ್ತರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ಹಬ್ಬದ ಹಿಂದುಮುಂದಿನ ಒಂದು ಸಂಜೆ ಮೂರು ಅಂಗಡಿಯವರು ಅವಸರಿಸಿ ನಿಂತಿದ್ದರು. ಹಳೆಯ ರೂಢಿಯಂತೆ ಚೀಟಿ ಬರೆದು, ಡಬ್ಬ ಬಿಡಿಸಿ, ನಾಳೆ ಕಂಪ್ಯೂಟರಿಗೆ ಏರಿಸಿದರಾಯಿತೆಂದು ನಕಲನ್ನು ಜೇಬಿಗೆ ಹಾಕಿದ್ದರು. ಮರುದಿನ ಅಂಗಿ ಬದಲಾಗಿತ್ತು. ತಲೆಯಲ್ಲಿ ಇರಬೇಕಾದ ಅಂಕಿ ಈ ಸಲ ಇರಲಿಲ್ಲ. ಹುಡುಗ ತನ್ನ ಪಾಲಿನ ಚೀಟಿಗಳನ್ನು ಪದ್ಧತಿಯಂತೆ ಆ ವಾರವೇ ಅವರಿಗೆ ಒಪ್ಪಿಸಿದ್ದನು. ಅವನ್ನು ಅವರು ಎಂದಿನಂತೆ ನೋಡದೆ ಹರಿದು ಹಾಕಿದ್ದರು.

ಅದಕ್ಕಿಂತಲೂ ಚುಚ್ಚಿದ್ದು ಇನ್ನೊಂದು ವಿಷಯ. 35 ವರ್ಷ ತಮ್ಮ ಪುಸ್ತಕ ತಾಳೆಯಾದದ್ದು ಏಕೆ? ಮಾರಾಟದ ಪುಸ್ತಕವನ್ನೂ ದಾಸ್ತಾನಿನ ಪುಸ್ತಕವನ್ನೂ ಬರೆಯುತ್ತಿದ್ದವರು ತಾವೊಬ್ಬರೇ. ಒಂದೇ ಕೈ ಬರೆದ ಎರಡು ಪುಸ್ತಕಗಳು ಒಂದನ್ನೊಂದು ಎಂದಾದರೂ ಅಲ್ಲಗಳೆದಾವೇ?

“ಮಾವ, ಹಿಂದಿನ ತಾರೀಖಿಗೆ ಈಗಲೂ ಏರಿಸಬಹುದು” ಎಂದಳು ಹುಡುಗಿ ಮೆಲ್ಲಗೆ. “ಆದರೆ ಬರೆದವರು ಯಾರು, ಯಾವ ದಿನ ಯಾವ ಗಂಟೆಗೆ ಎಂಬುದು ಅದರಲ್ಲಿ ಉಳಿದುಬಿಡುತ್ತದೆ.”

“ಅದು ಉಳಿಯದೆ ಹೋದರೂ ಆ ಹುಡುಗನ ಮುಖ ಉಳಿಯುತ್ತದಲ್ಲ, ತಾಯಿ” ಎಂದರು ಗುಮಾಸ್ತರು.

ಶುಕ್ರವಾರ ಬೆಳಗ್ಗೆ ಅವರು ನೇರವಾಗಿ ಚಿಕ್ಕ ಸಾಹುಕಾರರ ಮೇಜಿಗೆ ಹೋಗಿ ಆ ಕಾಗದದ ಹೆಂಟೆಯನ್ನು ಇಟ್ಟರು. ಮೂರು ಅಂಗಡಿಗಳಿಗೂ ತಾವೇ ನಡೆದುಹೋಗಿ ಕೇಳಿಬಂದಿದ್ದರು. ಅವರ ಪುಸ್ತಕಗಳಲ್ಲಿ ಆರಾರರಂತೆ 18 ಡಬ್ಬವೂ ಇತ್ತು. “ನೀವು ಚಿತ್ರ ಬರೆಸಿದಿರಿ, ಸಾಹುಕಾರರೇ. ಉಗ್ರಾಣಕ್ಕೊಂದು ಚೌಕ, ಬಿಲ್ಲಿಗೊಂದು ಚೌಕ. ಇವೆರಡರ ನಡುವೆ ಇನ್ನೊಂದು ಚೌಕವಿತ್ತು, ನಾನು ಹೇಳಲಿಲ್ಲ. ಅದು ನನ್ನ ಜೇಬು” ಎಂದರು. ಆಮೇಲೆ ಅಂಗಳಕ್ಕೆ ಹೋಗಿ, ಹಮಾಲರೆಲ್ಲ ಕೇಳುವಂತೆ, “ತಮ್ಮಾ, ತಪ್ಪು ನನ್ನದು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದು ಹುಡುಗನಿಗೆ ಹೇಳಿದರು. ಹುಡುಗ ಏನು ಹೇಳಬೇಕೋ ತಿಳಿಯದೆ, “ಇರಲಿ ಬಿಡಿ, ಯಜಮಾನರೇ” ಎಂದು ಬೀಗದ ಕೈಯನ್ನು ತಿರುಗಿಸುತ್ತ ನಿಂತನು.

ಆ ವಾರ ಗಿರಣಿಯ ದಾರವನ್ನು ಮತ್ತೆ ಎಳೆದರು. ಬಿಡುಗಡೆಯ ಕಾಗದವನ್ನು ಕಂಪ್ಯೂಟರ್ ಕೊಡದೆ ಒಂದು ಡಬ್ಬವೂ ಉಗ್ರಾಣದ ಹೊಸ್ತಿಲು ದಾಟಬಾರದು. ದಾಟುವ ಕ್ಷಣದಲ್ಲಿ ಅದನ್ನು ದಾಖಲಿಸುವವನು ಹುಡುಗ. ಬಿಲ್ಲು ಮಾಡುವವರು ಬೇರೆ. ದಿನದ ಕೊನೆಗೆ ತಾಳೆ ನೋಡುವವರು ಗುಮಾಸ್ತರು. ತಪ್ಪಾಗಿ ಬರೆದದ್ದನ್ನು ಅಳಿಸುವಂತಿಲ್ಲ. ಎದುರು ನಮೂದು ಹಾಕಿ ತಿದ್ದಬೇಕು, ಎರಡೂ ಕಾಣುತ್ತಿರಬೇಕು. ವ್ಯವಸ್ಥೆಯು ಕಾರ್ಯಪ್ರಕ್ರಿಯೆಗೆ ಹೇಗೆ ಆಧಾರವಾಗುತ್ತದೆಂಬ ಪ್ರಶ್ನೆ ಹುಡುಗಿಯ ಪರೀಕ್ಷೆಯಲ್ಲಿ ಬಂದಾಗ ಅವಳು ಪುಸ್ತಕದ ವಾಕ್ಯಗಳನ್ನು ಮರೆತು ಇದನ್ನೇ ಬರೆದಳಂತೆ.

ಯಂತ್ರಕ್ಕೆ ತಿಳಿಯದ ಸಂಗತಿಗಳು ಇಲ್ಲದಿಲ್ಲ. ಮಾಘಮಾಸದಲ್ಲಿ ಹಳೆಯ ಗಿರಾಕಿಯೊಬ್ಬರ ಬಿಲ್ಲನ್ನು ಅದು ತಡೆಯಿತು. ಅವರ ಸಾಲದ ಮಿತಿ ಮೀರಿತ್ತು. ಯಂತ್ರದ ಮಾತು ಸರಿ. ಆದರೆ ಆ ಗಿರಾಕಿಯ ಮನೆಯಲ್ಲಿ ಮಗಳ ಮದುವೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮಾತಿಗೆ ತಪ್ಪಿದವರಲ್ಲ. ಹಿಂದಾಗಿದ್ದರೆ ಗುಮಾಸ್ತರು ಡಬ್ಬ ಕಳಿಸಿ ಚೀಟಿಯನ್ನು ಜೇಬಿನಲ್ಲಿ ಮಲಗಿಸುತ್ತಿದ್ದರು. ಈಗ ಅವರು ಷರಾ ಎಂಬ ಅಂಕಣದಲ್ಲಿ ಕಾರಣವನ್ನು ಎರಡು ಸಾಲು ಬರೆದು ಚಿಕ್ಕ ಸಾಹುಕಾರರ ಒಪ್ಪಿಗೆಗೆ ಕಳಿಸಿದರು. ಹತ್ತು ನಿಮಿಷದಲ್ಲಿ ಒಪ್ಪಿಗೆ ಬಂತು. ಆ ಷರಾ ಅಂಕಣ ವ್ಯವಸ್ಥೆಯಲ್ಲಿ ಮೊದಲೇ ಇತ್ತು. ಅದನ್ನು ಪರದೆಯಿಂದ ತೆಗೆದುಹಾಕಲು ತರುಣರು ಹೊರಟಾಗ ಇರಲೇಬೇಕೆಂದು ಹಟ ಹಿಡಿದವರು ಗುಮಾಸ್ತರು. ದಯೆ ತೋರಿಸುವುದಕ್ಕೂ ಒಂದು ದಾರಿಯಿರಬೇಕು, ಆ ದಾರಿಯೂ ಕಣ್ಣಿಗೆ ಕಾಣಬೇಕು ಎಂಬುದು ಅವರ ವಾದ.

ಮೊಳಕಾಲ್ಮುರಿನಿಂದ ಸಂಕ್ರಾಂತಿಗೆ ಎಳ್ಳಿನ ಜೊತೆ ಸುದ್ದಿಯೂ ಬಂದಿತ್ತು. ಆರು ಮಗ್ಗಗಳೂ ಇವೆ. ಬಣ್ಣಗಾರನ ಮನೆಗೆ ಯಾರು ಹೋಗಬೇಕೆಂಬ ವಾಗ್ವಾದ ಈಗಲೂ ಆಗುತ್ತದಂತೆ. ಪುಸ್ತಕ ತೆರೆದರೆ ಅರ್ಧ ಗಳಿಗೆಯಲ್ಲಿ ಮುಗಿಯುತ್ತದಂತೆ.

ಗುಮಾಸ್ತರು ಈಗಲೂ ಎಡಜೇಬಿನ ಅಂಗಿಯನ್ನೇ ತೊಡುತ್ತಾರೆ. ಸಂಜೆ ಗಿರಣಿ ಬಿಡುವಾಗ ಉಗ್ರಾಣದ ಬಾಗಿಲ ಬಳಿ ನಿಂತು, ಹುಡುಗನ ಮುಂದೆ ಆ ಜೇಬನ್ನು ಮಗುಚಿ ತೋರಿಸುವುದು ಅವರಿಬ್ಬರ ನಡುವಿನ ವಿನೋದವಾಗಿದೆ. ಕನ್ನಡಕದ ಗೂಡು ಕೆಳಗೆ ಬೀಳದಂತೆ ಹುಡುಗ ಅಷ್ಟರಲ್ಲಿ ಕೈ ಒಡ್ಡಿರುತ್ತಾನೆ.